ಸೊಸೆಯ ಅಳತೆಯ ಮೇಜು

ಮಗ್ಗದ ಸದ್ದು ನಡುವೆಯೇ ನಿಂತಾಗ ಪಾಲಮ್ಮನ ಕೈಯಲ್ಲಿದ್ದ ಕಂಡಿಕೆಯೂ ನಿಂತಿತು. ಲಾಳಿಯ ಹೊಟ್ಟೆಯಲ್ಲಿ ಕೂರುವ ಆ ಸಣ್ಣ ಕೊಳವೆಗೆ ರೇಷ್ಮೆ ಸುತ್ತುತ್ತ ಅವಳು ಪಡಸಾಲೆಯಲ್ಲಿ ಕೂತಿದ್ದಳು. ಎಳೆ ಕಡಿದಾಗ ಮಗ್ಗ ನಿಲ್ಲುವ ರೀತಿ ಬೇರೆ, ಊಟಕ್ಕೆ ಏಳುವಾಗ ನಿಲ್ಲುವ ರೀತಿ ಬೇರೆ. ಮೊಳಕಾಲ್ಮೂರಿನ ನೇಕಾರರ ಬೀದಿಗೆ ಸೊಸೆಯಾಗಿ ಬಂದ ದಿನದಿಂದ ಅದನ್ನೇ ಕೇಳಿಕೊಂಡು ಬಂದವಳಿಗೆ ಇದು ಅವೆರಡೂ ಅಲ್ಲವೆಂದು ತಿಳಿಯಿತು. ಒಳಗೆ ಮಗ ಕೃಷ್ಣಕುಮಾರ, ಕಾಲು ಇನ್ನೂ ಮಗ್ಗದ ಗುಂಡಿಯಲ್ಲೇ ಇಳಿಬಿಟ್ಟುಕೊಂಡು, ಫೋನು ಕಿವಿಗೆ ಹಿಡಿದು ಕೂತಿದ್ದ.

"ಯಾರದು?" ಎಂದಳು.

"ಚಳ್ಳಕೆರೆಯಿಂದಮ್ಮ. ಬಡಗಿ ಹೊನ್ನೂರಸ್ವಾಮಿ." ಅಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡ.

ಬೆಳಿಗ್ಗೆ ತಾನೇ ಪಾಲಮ್ಮನ ಗಂಡ ವೆಂಕಟೇಶಪ್ಪನವರು ದಿಬ್ಬಣಕ್ಕೆ ಹೊರಟವರ ಸಡಗರದಲ್ಲಿ ಚಳ್ಳಕೆರೆ ಬಸ್ಸು ಹತ್ತಿದ್ದರು. ಹೊನ್ನೂರಸ್ವಾಮಿಯ ಅಂಗಡಿಯಲ್ಲಿ ಮರ ಆರಿಸಿ, ಅಳತೆಯೆಲ್ಲ ಹೇಳಿ ಮುಗಿಸಿ, ಕುಡಿಯಲು ನೀರು ಕೇಳಿ, ಹಲಗೆಗಳ ರಾಶಿಗೆ ಒರಗಿ ಕೂತರಂತೆ. ಚೊಂಬು ತರುವಷ್ಟರಲ್ಲಿ ಜೀವ ಹೊರಟುಹೋಗಿತ್ತು.

ಅವರು ಹೋದದ್ದು ಸೊಸೆಗೊಂದು ಮೇಜು ಮಾಡಿಸುವುದಕ್ಕೆ.

ಸೊಸೆ ವೀಣಾ ಮನೆಗೆ ಬಂದಾಗ ಕಂಪ್ಯೂಟರನ್ನೂ ಜೊತೆಗೇ ತಂದಿದ್ದಳು. ಅದರ ಪರದೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ಸೀರೆಯ ಅಂಚು, ಸೆರಗು, ಬುಟ್ಟ ಬಿಡಿಸುವುದು ಅವಳ ಕೆಲಸ. ಮೊದಲೆಲ್ಲ ವೆಂಕಟೇಶಪ್ಪನವರು ರಟ್ಟಿಗೆ ತೂತು ಹೊಡೆದು, ಆ ರಟ್ಟುಗಳನ್ನು ಸರಪಳಿಯಂತೆ ಹೊಲಿದು ಮಗ್ಗದ ಮೇಲೆ ತೂಗುಹಾಕಿ ಡಿಜೈನು ನೇಯುತ್ತಿದ್ದರು. ಈಗ ಸೊಸೆ ಬಿಡಿಸಿದ್ದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ಮಗ್ಗಕ್ಕೆ ಜೋಡಿಸಿದ ಯಂತ್ರದ ಪೆಟ್ಟಿಗೆಗೆ ಏರುತ್ತಿತ್ತು. ಮಾವನಿಗೆ ಅದರಿಂದ ಬೇಸರವಾಗಲಿಲ್ಲ. "ನಾನು ತಿಂಗಳೆಲ್ಲ ತೂತು ಹೊಡೆದದ್ದನ್ನು ಇವಳು ವಾರದಾಗೆ ಮುಗಿಸ್ತಾಳೆ ನೋಡ್ರಪ್ಪ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದರು. ಅವಳು ಬಿಡಿಸಿದ ದಾಳಿಂಬೆ ಅಂಚಿನ ಸೀರೆಯನ್ನು ಚಳ್ಳಕೆರೆಯ ವ್ಯಾಪಾರಿಗಳು ಹೆಸರು ಹಿಡಿದು ಕೇಳುತ್ತಿದ್ದರು.

ಆದರೆ ಕಂಪ್ಯೂಟರು ಕೂತದ್ದು ಹಳೆಯ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ. ವೀಣಾ ಕೂರುತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಗಿಡ್ಡ ಹುಡುಗಿ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೇಜಿನ ಅಂಚಿಗೆ ಮಣಿಕಟ್ಟು ಒತ್ತಿಕೊಂಡು ಬೆಳಗಿನಿಂದ ಸಂಜೆಯವರೆಗೆ ಚೌಕ ತುಂಬುವಳು. ಮೊದಲು ಬೆರಳು ಜುಮ್ಮೆಂದವು. ಆಮೇಲೆ ಲೋಟ ಜಾರತೊಡಗಿತು. ಒಂದು ದಿನ ಮುದ್ದೆ ಮುರಿಯಲೂ ಬಲಗೈ ಬಾರದೆ ಎಡಗೈಯಲ್ಲಿ ಉಣ್ಣುತ್ತ ಕೂತಿದ್ದಳು. ಚಳ್ಳಕೆರೆಯ ಡಾಕ್ಟರಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾತ್ರೆ ಕೊಡ್ತೀನಿ. ಆದ್ರೆ ನೀವು ಕೂರೋ ರೀತಿ ಬದಲಾಗಬೇಕು, ನಡುನಡುವೆ ಏಳಬೇಕು. ಇಲ್ಲಾಂದ್ರೆ ಈ ಕೆಲಸಾನೇ ಬಿಡಬೇಕಾಗುತ್ತೆ" ಎಂದಿದ್ದಳು.

ಆ ಮಾತು ಕೇಳಿ ವೀಣಾ ಅತ್ತಳು. ಮಾವ ನಕ್ಕರು. "ಇಷ್ಟೇನಾ? ನಮ್ಮ ಮನ್ಯಾಗೆ ಮೊದಲು ಕಾಲು, ಆಮೇಲೆ ನೂಲು. ಮಗ್ಗಕ್ಕೆ ಹೊಸಬ ಬಂದ್ರೆ ಅವನ ಕಾಲಿನ ಅಳತೆಗೆ ಗುಂಡಿ ತೋಡ್ತೀವಿ, ಇಲ್ಲಾ ಮಣ್ಣು ತುಂಬ್ತೀವಿ. ನಿನ್ನನ್ನ ಮಾತ್ರ ಯಾರದೋ ಮೇಜಿಗೆ ಕೂರಿಸಿಬಿಟ್ವಿ. ತಪ್ಪು ನಮ್ಮದೇ ಬಿಡಮ್ಮ."

ಅವತ್ತೇ ಸೊಸೆಯನ್ನು ಮಣೆಯ ಮೇಲೆ ಕೂರಿಸಿ ಅಳತೆ ತೆಗೆದರು. ಟೇಪು ಬೇಡವೆಂದು ಮಗ್ಗದ ಹಾಸಿನ ದಾರವನ್ನೇ ಹಿಡಿದು ಅಂಗಾಲಿನಿಂದ ಮಂಡಿಗೊಂದು ಗಂಟು, ಮಂಡಿಯಿಂದ ಮೊಣಕೈಗೊಂದು ಗಂಟು ಹಾಕಿದರು. ಕಚಗುಳಿಯಾಗಿ ವೀಣಾ ಕಿಸಕ್ಕೆಂದಳು. ಪಕ್ಕದ ಮನೆಯ ನಿಂಗಕ್ಕ ಬಾಗಿಲಲ್ಲಿ ನಿಂತು, "ಏನ್ರಿ ಮಾವ, ಸೊಸೆಗೆ ಲಂಗ ಹೊಲಿಸ್ತೀರೇನು?" ಎಂದಳು.

"ಸಿಂಹಾಸನ ಕಣಮ್ಮ. ನಿನಗೂ ಒಂದು ಬೇಕಾ?"

"ನಮ್ಮನ್ಯಾಗೆ ಕೂರಾಕೆ ಪುರುಸೊತ್ತೆಲ್ಲೈತ್ರಿ."

ಆ ನಗು ಇನ್ನೂ ಪಡಸಾಲೆಯಲ್ಲಿ ಇದ್ದಹಾಗೇ ಇತ್ತು. ನಗಿಸಿದವರನ್ನು ಆಂಬುಲೆನ್ಸಿನಲ್ಲಿ ತಂದು ಅದೇ ಪಡಸಾಲೆಯಲ್ಲಿ ಮಲಗಿಸಿದರು. ಜೀವಮಾನವೆಲ್ಲ ಮಗ್ಗದ ಮೇಲೆ ಬಗ್ಗಿದ ಕುತ್ತಿಗೆ, ತಲೆ ನೆಲಕ್ಕೆ ತಾಗಲೇ ಇಲ್ಲ. ಹಿರಿಯರೊಬ್ಬರು ಪಂಚೆಯೊಂದನ್ನು ಮಡಿಸಿ ತಲೆಯ ಕೆಳಗೆ ಇಟ್ಟರು. ಪಾಲಮ್ಮ ಎಲ್ಲವನ್ನೂ ಮರೆತರೂ ಆ ಮಡಿಸಿದ ಪಂಚೆಯನ್ನು ಮರೆಯಲಿಲ್ಲ.

ಸೂತಕದ ದಿನಗಳಲ್ಲಿ ಮಗ್ಗ ಮುಟ್ಟುವಂತಿಲ್ಲ. ಕಂಪ್ಯೂಟರೂ ಮಗ್ಗದ ಕುಲವೇ ಎಂದು ಅದಕ್ಕೂ ಬಟ್ಟೆ ಮುಚ್ಚಿದರು. ಆ ದಿನಗಳಲ್ಲೇ ಪಾಲಮ್ಮ ಒಂದು ಸಂಗತಿ ಗಮನಿಸಿದಳು. ಸೊಸೆ ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಕೈ ವಾಸಿ ಆಯ್ತೇನೆ?"

ವೀಣಾ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. "ಕೆಲಸ ನಿಂತಿದ್ದಕ್ಕೆ ಇರ್ಬೇಕು ಅತ್ತಮ್ಮ. ಮಾಮಯ್ಯ ಹೋದ ದುಃಖದಾಗೆ ನನ್ನ ಕೈ ಸರಿಹೋಗ್ತೈತಲ್ಲ ಅಂತ ನಾಚಿಕೆ ಆಗ್ತೈತೆ."

"ಹುಚ್ಚಿ. ಅವರು ಹೋಗಿದ್ದೇ ಅದಕ್ಕಲ್ಲವೇನೆ" ಎಂದಳು ಪಾಲಮ್ಮ.

ಸೂತಕ ಕಳೆದು ಕಂಪ್ಯೂಟರಿನ ಬಟ್ಟೆ ತೆಗೆದ ವಾರದಲ್ಲೇ ಬೆರಳು ಮತ್ತೆ ಜುಮ್ಮೆಂದವು. ಕೃಷ್ಣಕುಮಾರ, "ಸಾಕು ಬಿಡು, ಹೊರಗಿನವರ ಹತ್ರ ಡಿಜೈನು ಮಾಡಿಸಾನ" ಎಂದ. ವೀಣಾ ದಾಳಿಂಬೆಯಾದ ಮೇಲೆ ನವಿಲುಗಳ ಸಾಲಿನ ಸೆರಗೊಂದನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಳು. ಆ ಅರ್ಧ ನವಿಲನ್ನು ಬೇರೆಯವರ ಕೈಗೆ ಕೊಡುವುದು, ಹೆತ್ತ ಕೂಸನ್ನು ದತ್ತು ಕೊಟ್ಟಹಾಗೆ ಎಂದು ಪಾಲಮ್ಮನಿಗೆ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಹೊನ್ನೂರಸ್ವಾಮಿಯ ಫೋನು ಬಂತು. "ಅಕ್ಕ, ಅಣ್ಣನ ಸಾಮಾನು ರೆಡಿ ಐತ್ರಿ. ನಾನೇ ತರ್ತೀನಿ."

ಸಾಮಾನು ಬರುವ ದಿನ ಪಾಲಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂಜಾನೆಯೇ ಪಡಸಾಲೆ ಸಾರಿಸಿ, ಬಾಗಿಲಿಗೆ ನೀರು ಹಾಕಿ, ಬಸ್ಸಿನ ಹಾರನ್ನು ಕೇಳಿದರೂ ಹೊರಗೆ ಬಂದು ಇಣುಕುವಳು. ಗಂಡನೇ ಬರುತ್ತಿದ್ದಾನೆಂಬಷ್ಟು ಎದೆ ಡವಡವ ಎನ್ನುತ್ತಿತ್ತು. ಲಗೇಜ್ ಗಾಡಿ ಬೀದಿಗೆ ತಿರುಗಿದ ಕೂಡಲೇ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಜನ ಹೊರಗೆ ಬಂದರು.

"ಅತ್ಲಾಗೆ ಹಿಡೀರಲೇ, ಮೂಲೆ ಬಡೀತದೆ" ಎಂದು ಹೊನ್ನೂರಸ್ವಾಮಿ ಕೂಗುತ್ತಿದ್ದ. ಹಿಡಿದವರು ನಾಲ್ವರು, ದಾರಿ ತೋರಿಸುವವರು ಬೀದಿಯವರೆಲ್ಲ.

ಇಳಿಸಿ ನೋಡಿದರೆ ಅದು ಮೇಜೂ ಅಲ್ಲ, ಮಗ್ಗವೂ ಅಲ್ಲ. ಕೂರಲು ಅಗಲವಾದ ಹಲಗೆ, ಬೆನ್ನಿಗೊಂದು ಆಸರೆ, ಕಾಲಿಗೆ ಇಳಿಜಾರಾದ ಪಟ್ಟಿ. ಮೊಣಕೈ ಊರಲು ಅಂಚು ಉಜ್ಜಿ ದುಂಡಗೆ ಮಾಡಿದ ಮರ. ನಡುವೆ, ಮಡಿಲಿನ ಎದುರಿಗೆ, ಒಂದು ತೊಟ್ಟಿ. ಪರದೆಯನ್ನು ಆ ತೊಟ್ಟಿಯಲ್ಲಿ ಓರೆಯಾಗಿ ಮಲಗಿಸಬೇಕು.

"ಪರದೆ ಎದುರಿಗೆ ನಿಲ್ಲಬೇಕಲ್ಲವೇನಣ್ಣ ಅಂತ ನಾನು ಕೇಳಿದೆ ಕಣಕ್ಕ" ಎಂದ ಹೊನ್ನೂರಸ್ವಾಮಿ. "ಕೂರೋದು ನನ್ನ ಸೊಸೆ, ನೀನು ಸುಮ್ಮನೆ ಕುಯ್ಯಿ ಅಂದ್ರು."

ಎಲ್ಲರೂ ನಕ್ಕರು. ಪಾಲಮ್ಮ ಅರಿಸಿನ ಕುಂಕುಮ ಹಚ್ಚಿದಳು. ವೀಣಾ ಕೂತಳು. ಕಾಲು ಪಟ್ಟಿಯ ಮೇಲೆ ನೆಟ್ಟಗೆ ನಿಂತಿತು. ಮೊಣಕೈ ಮರದ ಮೇಲೆ ಹಗುರವಾಗಿ ಕೂತಿತು. ಮಣಿಕಟ್ಟಿಗೆ ಎಲ್ಲೂ ಒತ್ತಡವಿಲ್ಲ. ಅವಳ ಮುಖ ಅರಳಿದ್ದನ್ನು ನೋಡಿ ಪಾಲಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಗಂಟು ಹಾಕಿದ ದಾರ ಒಂದು ಎಳೆಯೂ ಸುಳ್ಳು ಹೇಳಿರಲಿಲ್ಲ.

ಮರುದಿನ, "ಹೆಂಗೈತೆ?" ಎಂದರೆ, "ಚೆನ್ನಾಗೈತೆ ಅತ್ತಮ್ಮ, ಕೈ ಹಗುರ ಐತೆ" ಎನ್ನುವಳು. ಅದರ ಮರುದಿನವೂ ಅದೇ ಮಾತು. ಆದರೆ ಅಡುಗೆಮನೆಯಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಇಣುಕಿದರೆ ಸೊಸೆ ಗೋಡೆಗೆ ಮುಖ ಮಾಡಿ ಹಿಂಗತ್ತು ಉಜ್ಜಿಕೊಳ್ಳುತ್ತಿದ್ದಳು.

ಪಾಲಮ್ಮ ಹೋಗಿ ಕಂಡಿಕೆ ಹಿಡಿದು ಕೂತಳು. ವೀಣಾ ಮತ್ತೆ ಬಂದು ಕೆಲಸಕ್ಕೆ ಕೂತಾಗ ಪಕ್ಕದಿಂದ ನೋಡಿದಳು. ತೊಟ್ಟಿಯೊಳಗಿನ ಪರದೆಯ ಮೇಲೆ ಹುಡುಗಿಯ ತಲೆ ಬಾಗಿತ್ತು. ಬೆನ್ನು ನೆಟ್ಟಗಿದ್ದರೂ ಕುತ್ತಿಗೆ ಮುಂದಕ್ಕೆ ಬಿದ್ದಿತ್ತು. ಆ ಬಾಗನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲೋ ಏನು, ಮದುವೆಯಾದಂದಿನಿಂದ ದಿನವೂ ನೋಡಿದ್ದಳು. ಮಗ್ಗದಲ್ಲಿ ಬಟ್ಟೆ ಹುಟ್ಟುವುದು ಮಡಿಲಿನಲ್ಲಿ. ನೇಕಾರನ ಕಣ್ಣು ಕೆಳಗೇ ಇರಬೇಕು. ಕೆಲಸವೆಂದರೆ ತಲೆ ತಗ್ಗಿಸುವುದು ಎಂದೇ ತಿಳಿದ ಮನುಷ್ಯ, ಪ್ರೀತಿಯಿಂದ ಸೊಸೆಗೂ ತನ್ನ ಕುತ್ತಿಗೆಯ ಅಳತೆಯನ್ನೇ ಕೊಟ್ಟು ಹೋಗಿದ್ದ.

ಮಡಿಸಿದ ಪಂಚೆ ಪಾಲಮ್ಮನ ಕಣ್ಣಮುಂದೆ ಬಂತು. ಕಂಡಿಕೆ ಕೆಳಗಿಟ್ಟು ಎದ್ದಳು.

"ಕೃಷ್ಣಾ, ಏಣಿ ತಾ. ಆ ಪರದೆ ಮೇಲಕ್ಕೆ ಏರಬೇಕು."

ಕೃಷ್ಣಕುಮಾರನಿಗೆ ಕೋಪ ಬಂತು. "ಅಪ್ಪ ಕೊನೆಗೆ ಮಾಡಿಸಿದ್ದು ಅದೊಂದೇ. ಅದಕ್ಕೂ ಗರಗಸ ಹಾಕ್ತೀಯಾ?"

"ಚೆನ್ನಾಗೈತೆ ಅತ್ತಮ್ಮ, ಮುಟ್ಟಬೇಡಿ" ಎಂದಳು ವೀಣಾ, ಗಾಬರಿಯಿಂದ. "ಮಾಮಯ್ಯ ನನಗೋಸ್ಕರ ಹೋಗಿ..."

"ನೀನು ಸುಮ್ಮನಿರೇ ಸುಳ್ಳಿ. ಎಣ್ಣೆ ಸೀಸೆ ಅರ್ಧ ಖಾಲಿ ಆಗೈತೆ, ನನಗೆ ಮೂಗಿಲ್ಲವೇನು?" ಪಾಲಮ್ಮ ಮಗನತ್ತ ತಿರುಗಿದಳು. "ಗರಗಸ ಹಾಕೋದಿಲ್ಲ ಕಣೋ. ಆ ತೊಟ್ಟಿ ತುಂಬ್ತೀನಿ. ಗುಂಡಿ ಆಳ ಆದ್ರೆ ನಿಮ್ಮಪ್ಪ ಏನು ಮಾಡ್ತಿದ್ರು?"

ಕೃಷ್ಣಕುಮಾರ ತೊಟ್ಟಿಯತ್ತ ನೋಡಿದ. "ಮಣ್ಣು ತುಂಬ್ತಿದ್ರು" ಎಂದ.

"ಮತ್ತೆ?"

ಅವನು ಏಣಿ ತಂದ.

ಅಟ್ಟದ ಮೇಲೆ ವೆಂಕಟೇಶಪ್ಪನವರ ಹಳೆಯ ರಟ್ಟುಗಳಿದ್ದವು. ಕಂಪ್ಯೂಟರು ಬಂದ ಮೇಲೆ ಯಾರೂ ಮುಟ್ಟದ ಕಟ್ಟುಗಳು. ಮಾವಿನಕಾಯಿ ಅಂಚಿನದೊಂದು, ಹಂಸದ್ದೊಂದು, ಗಂಡಭೇರುಂಡದ್ದೊಂದು. ಒಂದೊಂದು ತೂತೂ ಅವರ ಕೈಯದು. ಮಗ ಮೇಲಿನಿಂದ ಇಳಿಸಿದ, ತಾಯಿ ಧೂಳು ಕೊಡವಿದಳು. ಸದ್ದು ಕೇಳಿ ನಿಂಗಕ್ಕ ಬಂದಳು.

ಮೊದಲ ಕಟ್ಟು ತೊಟ್ಟಿಯೊಳಗೆ ಕೂತಿತು. ಅದರ ಮೇಲೆ ಪರದೆಯನ್ನು ನಿಲ್ಲಿಸಿದರು.

"ಇನ್ನೂ ಬೇಕು" ಎಂದಳು ಪಾಲಮ್ಮ.

ಇನ್ನೊಂದು ಕಟ್ಟು.

"ಸಾಕೇನ್ರಿ ಅತ್ತಮ್ಮ?"

"ನಿನ್ನ ಗಲ್ಲ ನೋಡ್ಕೋ, ಇನ್ನೂ ಎದೆ ಮೇಲೈತೆ. ಹಾಕೋ ಕೃಷ್ಣಾ."

"ಅಯ್ಯೋ ಜಾಸ್ತಿ ಆಯ್ತ್ರೀ, ಸಿನಿಮಾ ನೋಡೋರ ತರ ಮೇಲೆ ನೋಡ್ತಾಳೆ" ಎಂದಳು ನಿಂಗಕ್ಕ. "ಆ ಹಂಸ ತೆಗೀರಿ, ಮಾವಿನಕಾಯಿ ಇರ್ಲಿ."

ಹಂಸ ತೆಗೆದರು. ಮತ್ತೆ ಸಾಲದೆಂದು ಅರ್ಧ ಹಂಸವನ್ನು ಬಿಚ್ಚಿ ಇಟ್ಟರು. ಹಾಕು, ತೆಗಿ, ಹಾಕು ಎಂದು ಮನೆಯಲ್ಲಿ ಮದುವೆಯ ಗಲಾಟೆ. ಕೊನೆಗೆ ಪರದೆಯ ಮೇಲಂಚು ಹುಡುಗಿಯ ಕಣ್ಣಿಗೆ ಸಮನಾಗಿ ನಿಂತಿತು. ವೀಣಾ ತಲೆ ಎತ್ತಿದಳು. ಕುತ್ತಿಗೆ ಹೆಗಲ ಮೇಲೆ ತಾನಾಗಿ ಕೂತಿತು, ತುಂಬಿದ ಕೊಡ ತಲೆಯ ಮೇಲೆ ಕೂತಹಾಗೆ. ಅವಳು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಕೃಷ್ಣಕುಮಾರ ಮೇಜನ್ನು ಅಲ್ಲಾಡಿಸಿ ನೋಡಿದ. ಪರದೆ ಜಗ್ಗಲಿಲ್ಲ. ತೊಟ್ಟಿಯ ನಾಲ್ಕೂ ಅಂಚು ರಟ್ಟಿನ ಕಟ್ಟುಗಳನ್ನು ಬಿಗಿಯಾಗಿ ಹಿಡಿದಿದ್ದವು. "ನೋಡಮ್ಮ, ಅಪ್ಪ ಇದಕ್ಕೇ ಮಾಡಿಸಿದಂಗೈತೆ" ಎಂದ. ಪಾಲಮ್ಮ, "ಇದಕ್ಕೇ ಮಾಡಿಸಿದ್ದು" ಎಂದಳು.

ಒಂದು ಕೊರತೆ ಉಳಿಯಿತು. ಮಗ್ಗದಲ್ಲಿ ಕಂಡಿಕೆಯ ನೂಲು ಮುಗಿದಾಗ ನೇಕಾರ ನಿಲ್ಲಲೇಬೇಕು. ಲಾಳಿ ತೆಗೆದು ಹೊಸ ಕಂಡಿಕೆ ತೊಡಿಸುವಾಗ ಕೈ, ಕಣ್ಣು ಎರಡಕ್ಕೂ ಬಿಡುವು. ಕಂಪ್ಯೂಟರಿಗೆ ಮುಗಿಯುವ ನೂಲಿಲ್ಲ. ಡಾಕ್ಟರಮ್ಮ ಎಷ್ಟು ಹೇಳಿದ್ದರೂ ವೀಣಾಗೆ ಏಳುವುದೇ ನೆನಪಾಗುತ್ತಿರಲಿಲ್ಲ. ಅದಕ್ಕೆ ಪಾಲಮ್ಮ ತನ್ನ ಚಾಪೆಯನ್ನು ಮೇಜಿನ ಪಕ್ಕಕ್ಕೇ ಎಳೆದುಕೊಂಡಳು. ಕೆಲವು ಕಂಡಿಕೆ ಸುತ್ತಿ ಬುಟ್ಟಿ ತುಂಬಿದಾಗಲೆಲ್ಲ ಮೇಜಿನ ಕಾಲಿಗೆ ಟಕಟಕ ತಟ್ಟುವಳು.

"ಬುಟ್ಟಿ ತುಂಬಿತು, ಏಳಮ್ಮ."

"ಒಂದು ಗರಿ ಮುಗಿಸಿ ಏಳ್ತೀನಿ ಅತ್ತಮ್ಮ."

"ನಿನ್ನ ನವಿಲು ಹಾರಿಹೋಗೋದಿಲ್ಲ. ಏಳು."

ನವಿಲಿನ ಸಾಲು ಮುಗಿಸಿ ಮಗ್ಗಕ್ಕೆ ಏರಿಸಿದ ಬೆಳಿಗ್ಗೆಯೂ ಹಾಗೇ ತಟ್ಟಿದಳು. ವೀಣಾ ಎದ್ದು, ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ, ತುಂಬಿದ ಚೊಂಬನ್ನು ಅದೇ ಕೈಯಲ್ಲಿ ಎತ್ತಿ ನೀರು ಕುಡಿದಳು. ಆಮೇಲೆ ಬಾಗಿಲಿಗೆ ಬಂದು, ಕಣ್ಣು ದಣಿವಾರಲೆಂದು ದೂರದ ನುಂಕೆಮಲೆಯ ಬೆಟ್ಟದತ್ತ ನೋಡುತ್ತ ನಿಂತಳು. ಒಳಗೆ ಕೃಷ್ಣಕುಮಾರನ ಮಗ್ಗದಲ್ಲಿ ಮೊದಲ ನವಿಲು ಮೂಡುತ್ತಿತ್ತು. ಲಟಪಟ ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ಪಾಲಮ್ಮ ಸೊಸೆಯ ಹಿಂದೆ ಬಂದು ನಿಂತಳು. ಹುಡುಗಿಯ ಕುತ್ತಿಗೆ ನೆಟ್ಟಗಿತ್ತು. ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಹರಡಿತ್ತು. ಪಾಲಮ್ಮ ಕೈ ಮುಗಿದು ಕಣ್ಣು ಮುಚ್ಚಿದಳು.

ತಾಯಿ ಚೌಡೇಶ್ವರಿ, ನೂಲಿನ ಕುಲದ ಒಡತಿ, ನಿನ್ನ ಹತ್ತಿರ ಬಂದಿರುವ ಆ ಜೀವ ದಣಿದು ಬಂದಿದೆ. ದುಡಿದ ಕೈಗೆ ಬಿಡುವು ಕೊಡು. ಬಿಟ್ಟುಹೋದ ಕೆಲಸ ಮುಗಿಯಿತೆಂದು ಅವರ ಕಿವಿಯಲ್ಲಿ ಹೇಳು. ಇಲ್ಲಿ ನೆಲಕ್ಕೆ ತಾಗದೆ ಹೋದ ತಲೆ ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಒರಗಲಿ, ಬಗ್ಗಿದ ಕುತ್ತಿಗೆ ನೆಟ್ಟಗಾಗಲಿ. ಅವರ ಆತ್ಮಕ್ಕೆ ಶಾಂತಿ ಕೊಡು, ತಾಯಿ.