ಬೀದಿಯ ತುದಿಯ ಠಾಣೆ

ಖರ್ಚು ಹಂಚಿಕೊಂಡು ಒಂದೇ ಅಗ್ನಿಶಾಮಕ ಠಾಣೆ ಕಟ್ಟಲು ಅಕ್ಕಪಕ್ಕದ ಎರಡು ಪುರಸಭೆಗಳು ಒಪ್ಪಿದ್ದವು. "ನಮ್ಮ ಬೀದಿ ತುದೀಲೇ ಬರುತ್ತೆ ಅಕ್ಕ" ಎಂದು ಪುರಸಭೆಯ ಸದಸ್ಯನಾಗಿದ್ದ ತಮ್ಮ ಪುಸಲಾಯಿಸಿದ್ದಕ್ಕೆ ದರ್ಜಿ ಅಕ್ಕ ತನ್ನ ಅಂಗಡಿ ಕೆಡವಿಸಿ ಜಾಗ ಬಿಟ್ಟುಕೊಟ್ಟಿದ್ದಳು. ಹಿಂದೊಮ್ಮೆ ಬೆಂಕಿ ಆರಿಸುವ ಗಾಡಿ, ಮುಚ್ಚಿದ ರೈಲ್ವೆ ಗೇಟಿನಾಚೆ ಸಿಕ್ಕಿ ನಿಂತಿದ್ದಾಗ ಪಕ್ಕದ ಮನೆ ಬೂದಿಯಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಜಂಟಿ ಸಭೆಯಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

"ಠಾಣೆ ಗೇಟಿನಾಚೆ, ಗೋದಾಮುಗಳ ಹತ್ತಿರ ಇರಲಿ. ಬೀದಿ ತುದಿಯ ಆ ಜಾಗದಲ್ಲಿ ಲಾರಿ ನಿಲ್ದಾಣ ಆಗಲಿ. ಒಪ್ಪೋರು ಕೈ ಎತ್ತಿ" ಎಂದರು ಅಧ್ಯಕ್ಷರು.

ಎಲ್ಲರಿಗಿಂತ ಮೊದಲು ಮೇಲೆದ್ದದ್ದು ತಮ್ಮನ ಕೈ.

ಸಭೆ ಮುಗಿದ ಮೇಲೆ ಅವನು ಮೆಟ್ಟಿಲ ಬಳಿ ಹಲ್ಲು ಕಿರಿಯುತ್ತ ಬಂದ. "ಬೇಜಾರು ಮಾಡ್ಕೋಬೇಡ. ಠಾಣೆ ಗೇಟಿನಾಚೆ ಆದ್ರೆ ಪಕ್ಕದ ಊರಿನವರು ಖರ್ಚಿಗೆ ಜಾಸ್ತಿ ಪಾಲು ಹಾಕ್ತಾರಂತೆ."

"ನಿಂಗೆ ಮೊದ್ಲೇ ಗೊತ್ತಿತ್ತೇನೋ?"

ಅವನು ಅತ್ತಿತ್ತ ನೋಡಿದ. "ಹೇಳಿದ್ರೆ ನೀನು ಅಂಗಡಿ ಕೆಡವಿಸ್ತಿರ್ಲಿಲ್ವಲ್ಲ ಅಕ್ಕ."

ಅವನ ಮೊದಲ ಅಂಗಿಯಿಂದ ಇವತ್ತು ತೊಟ್ಟಿದ್ದ ಬಿಳಿ ಜುಬ್ಬಾದವರೆಗೆ ಎಲ್ಲವನ್ನೂ ಹೊಲಿದವಳು ಅವಳೇ.

"ದಾರಿ ಬಿಡಿ, ಸದಸ್ಯರೇ" ಎಂದು ಅವಳು ಅವನನ್ನು ದಾಟಿ ಬಿಸಿಲಿಗಿಳಿದಳು.