ಅಂಟದ್ದು

ಆ ಕಾರ್ಖಾನೆಯಲ್ಲಿ ಲೋಹಗಳಿಗೆ ಇದ್ದದ್ದು ಎರಡೇ ಜಾತಿ. ಆಯಸ್ಕಾಂತ ಇಟ್ಟರೆ ಕಚ್ಚಿಕೊಳ್ಳುವುದು ‘ಅಂಟೋದು’, ಕಚ್ಚಿಕೊಳ್ಳದ್ದು ‘ಅಂಟದ್ದು’. ಅಂಟೋದು ಅಗ್ಗದ ಕಬ್ಬಿಣ. ಅಂಟದ್ದೆಂದರೆ ಕುಲುಮೆಯ ಕೆಂಪು ಕಾವಿಗೂ ಆಸಿಡ್ ಹೊಗೆಗೂ ಜಗ್ಗದ ನಿಕ್ಕಲ್ ಮಿಶ್ರಲೋಹ. ಅಡುಗೆಮನೆಯ ಸ್ಟೀಲ್ ಲೋಟಕ್ಕೂ ಆಯಸ್ಕಾಂತ ಅಂಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇನು ಬಂತು, ಅಂಟದ್ದೆಲ್ಲ ನಿಕ್ಕಲ್ಲೇ ಆಗಬೇಕಿಲ್ಲ ಎಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ!

ವೆಲ್ಡಿಂಗ್ ಮಾಡುವ ಅವಳಿಗೂ ಹೊಳೆದಿರಲಿಲ್ಲ. ನಿನ್ನೆ ಸ್ಟೋರ್ ನೋಡಿಕೊಳ್ಳುವ ಮಾವನನ್ನು ಕೂಗಿ ‘ಅಂಟದ್ದು ಕೊಡಿ’ ಎಂದಿದ್ದಳು, ಅವನು ಕೊಟ್ಟಿದ್ದ. ಅವಳು ಆ ಕೊಳವೆಯನ್ನು ಒಂದನೇ ಕುಲುಮೆಯೊಳಗೆ ಕೂರಿಸಿ ಬೆಸೆದಿದ್ದಳು. ಬೆಳಿಗ್ಗೆ ಅದಕ್ಕೆ ಬೆಂಕಿ ಕೊಟ್ಟವನು ಅವಳ ಗಂಡನೇ.

ಈಗ ಮುಖವಾಡ ನೇತುಹಾಕಲು ಒಂದು ಕೊಕ್ಕೆ ಬೇಕೆನಿಸಿ, ಆ ಕೊಳವೆಯಲ್ಲಿ ಉಳಿದಿದ್ದ ತುಂಡನ್ನು ಗ್ರೈಂಡರ್‌ಗೆ ಒಡ್ಡಿದಳು. ನಿಕ್ಕಲ್ಲಿನ ಕಿಡಿ ಮಂಕು ಕೆಂಪು, ಗೇಣುದ್ದವೂ ಹಾರದೆ ಆರಿಹೋಗುತ್ತದೆ. ಇದು ಹಳದಿ ಕಿಡಿಗಳನ್ನು ಮೊಳಗಟ್ಟಲೆ ಎರಚಿತು.

ಇದು ಬರೀ ಸ್ಟೀಲು. ಆ ಕಾವಿನಲ್ಲಿ ಹೊಗೆ ಇದನ್ನು ಹಕ್ಕಳೆ ಹಕ್ಕಳೆಯಾಗಿ ತಿಂದು ತೆಳುವಾಗಿಸುತ್ತದೆ, ಕೊಳವೆಯೊಳಗಿನ ಅನಿಲ ಒತ್ತುತ್ತಲೇ ಇರುತ್ತದೆ, ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಕುಲುಮೆಯ ಕಿಂಡಿಗೆ ಮುಖವೊಡ್ಡಿ ಗಂಡ ನಿಂತಿರುತ್ತಾನೆ. ಅವಳು ಬಿದ್ದಂಬೀಳ ಓಡಿದಳು. ಗಾಬರಿಯಿಂದ ಮಾವನೂ ಹಿಂದೆಯೇ ಬಂದ.

“ಏನೇ ಇದು, ಬುತ್ತಿ ಮರೆತೆ ಅಂತ ಓಡಿಬಂದ್ಯಾ?” ಎಂದ ಗಂಡ, ಕುಲುಮೆಯ ಸದ್ದಿಗಿಂತ ದನಿಯೆತ್ತರಿಸಿ.

“ಬೆಂಕಿ ಆರಿಸ್ರೀ. ಆ ಕೊಳವೆ ನಿಕ್ಕಲ್ಲಲ್ಲ. ಹಾಕಿದ್ದು ನಾನೇ.”

ಅವನು ಅವಳ ಮುಖ ನೋಡಿದ, ಅನಿಲದ ತಿರುಪನ್ನು ಮುಚ್ಚಿದ. ಆರುತ್ತಿದ್ದ ಉರಿಯಲ್ಲಿ ಅವಳು ಕಿಂಡಿಯೊಳಗೆ ಇಣುಕಿದಳು. ಅವಳು ಬೆಸೆದಿದ್ದ ಕೊಳವೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬಿಕೊಂಡಿತ್ತು.

ಮೂವರೂ ಹೊರಗೆ ಬಂದರು. ಅವಳು ಗೋಡೆಗೆ ಒರಗಿದಳು. ಗಂಡ ಬದುಕಿದ್ದ, ಬೆವರು ಒರೆಸಿಕೊಳ್ಳುತ್ತಿದ್ದ, ಅಷ್ಟೇ ಸಾಕಿತ್ತು. ಆದರೂ ಭಯ ಹೋಗಲಿಲ್ಲ. ಯಾಕೆಂದು ಅವಳಿಗೆ ತಡವಾಗಿ ತಿಳಿಯಿತು.

“ಮಾವ, ಆ ರಾಶಿಯಿಂದ ಬೇರೆಯವರಿಗೆ ಯಾರಿಗಾದ್ರೂ ಕೊಟ್ರಾ?”

“ಎರಡನೇ ಕುಲುಮೆಗೂ ಅದರದ್ದೇ ಕಣಮ್ಮ. ನಿನ್ನೆ ಸಂಜೆ. ಆಯಸ್ಕಾಂತ ಇಟ್ಟು ನೋಡೇ ಕೊಟ್ಟೆ.”

ಎರಡನೆಯದು ಒಳಗೆ ಇನ್ನೂ ಉರಿಯುತ್ತಿತ್ತು. ಅದರ ಅಟ್ಟಣೆಯ ಮೇಲೆ ಇಬ್ಬರು ಕೆಲಸ ಮಾಡುತ್ತಿದ್ದರು. ಆ ಸದ್ದಿನಲ್ಲಿ ಹೊರಗಿನಿಂದ ಎಷ್ಟು ಕೂಗಿದರೂ ಅವರಿಗೆ ಕೇಳಿಸುವಂತಿರಲಿಲ್ಲ. ಅದರ ತಿರುಪೂ ಒಳಗೇ ಇತ್ತು, ಕುಲುಮೆಯ ಮಗ್ಗುಲಲ್ಲೇ.

ಗಂಡ ಕೈಗವಸು ಹಾಕಿಕೊಂಡ. ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

“ನೀವು ಬೇಡ. ಬೇರೆ ಯಾರನ್ನಾದ್ರೂ ಕಳಿಸಿ.”

“ಯಾರನ್ನ ಕಳಿಸ್ಲಿ, ನೀನೇ ಹೇಳು.”

ಅವಳು ಸುತ್ತಲೂ ನೋಡಿದಳು. ಮಾವ ಇದ್ದ, ಆಗಷ್ಟೇ ಬಂದು ನಿಂತ ನಾಲ್ಕಾರು ಜನ ಇದ್ದರು. ಹೋಗಿ ಎಂದು ಒಬ್ಬರಿಗೂ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹಿಡಿದ ಕೈ ಬಿಡಲೂ ಆಗಲಿಲ್ಲ.

ಅವಳ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಿಕೊಂಡು ಒಳಗೆ ಓಡಿದ.