ಎರಡೂ ಚಕ್ರ

ಮೂರನೇ ಸುತ್ತು ಅರ್ಧ ಮುಗಿಯುವಷ್ಟರಲ್ಲಿ ಜೀಪಿನ ಹೊಟ್ಟೆಯೊಳಗೆ ಏನೋ ಠಳ್ ಎಂದಿತು. ದೇವರ ಕಟ್ಟೆಯ ಬೇವಿನ ಮರದಲ್ಲಿದ್ದ ಗಿಳಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಸ್ಟೀರಿಂಗ್ ಹಿಡಿದಿದ್ದ ಜುಂಜಯ್ಯ ಮೊದಲು ಬ್ರೇಕು ತುಳಿದ, ಆಮೇಲೆ ಕ್ಲಚ್ಚು ತುಳಿದ. ಅಷ್ಟರಲ್ಲಿ ಇಂಜಿನ್ ಒಮ್ಮೆ ಕೆಮ್ಮಿ ತಾನೇ ನಿಂತುಹೋಯಿತು.

ಸುತ್ತ ನಿಂತಿದ್ದ ಹಟ್ಟಿಯ ಜನ ಹತ್ತಿರ ಸರಿದರು. ತೆಂಗಿನಕಾಯಿ ಹಿಡಿದು ನಿಂತಿದ್ದವನು ಒಡೆಯುವುದೋ ಬಿಡುವುದೋ ತಿಳಿಯದೆ ಅದನ್ನು ಎದೆಗೆ ಒತ್ತಿಕೊಂಡ.

ನೇತ್ರಾವತಿ ಓಡಿಬಂದು ಜೀಪಿನೊಳಗೆ ಇಣುಕಿದಳು. ಸ್ಟೀರಿಂಗಿನ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯಬಾರದಿತ್ತು. ಮಗಳ ಕಣ್ಣು ಹೋದ ಕಡೆ ಜುಂಜಯ್ಯನೂ ನೋಡಿದ. ಬೆರಳಿನಿಂದ ಗುಂಡಿ ಒತ್ತಿ ದೀಪ ಆರಿಸಿದ. ಮತ್ತೆ ಸ್ಟಾರ್ಟ್ ಮಾಡಿ ಗೇರು ಹಾಕಿದರೆ ಇಂಜಿನ್ ಕೂಗಿತು, ಜೀಪು ಮಾತ್ರ ಅಲುಗಲಿಲ್ಲ.

"ದೇವ್ರು ಒಪ್ಲಿಲ್ಲ," ಎಂದ ಜುಂಜಯ್ಯ, ಎಲ್ಲರಿಗೂ ಕೇಳುವ ಹಾಗೆ. "ಹೊಸದು ಬ್ಯಾಡ ಅಂತ ನಾನು ಮದ್ಲೇ ಹೇಳಿದ್ದೆ."

"ನೂಕಾಣ ಬಿಡ್ರಿ," ಎಂದು ಯಾರೋ ಪಂಚೆ ಎತ್ತಿ ಕಟ್ಟಿದರು.

"ಯಾರೂ ನೂಕದು ಬ್ಯಾಡ," ಎಂದಳು ನೇತ್ರಾವತಿ. "ಅಪ್ಪ, ಆ ಕಡೆ ಸರಿ."

ಅವನು ಸರಿದ. ಅವಳು ಹತ್ತಿ ಕುಳಿತು ಕೆಂಪು ಗುಂಡಿಯನ್ನು ಮತ್ತೆ ಒತ್ತಿದಳು, ಮೊದಲನೇ ಗೇರು ಹಾಕಿದಳು. ಕೆಳಗೆ ಮುರಿದ ಕಬ್ಬಿಣ ಒಂದಕ್ಕೊಂದು ಉಜ್ಜಿ ಕಿರುಗುಟ್ಟಿತು. ಈಗ ತಾನೇ ಸತ್ತಂತೆ ನಿಂತಿದ್ದ ಜೀಪು ಕಟ್ಟೆಯ ಕಲ್ಲುಹಾಸಿನಿಂದ ಇಳಿದು, ಬೇಲಿ ದಾಟಿ, ಮತ್ತೋಡಿನ ರಸ್ತೆ ಹಿಡಿಯಿತು. ಹಿಂದೆ ಯಾರೋ ಶಿಳ್ಳೆ ಹಾಕಿದರು. ಕಾಯಿ ಒಡೆದ ಸದ್ದು ಮಾತ್ರ ಕೇಳಲಿಲ್ಲ.

ಎಲ್ಲಿಗೆ ಎಂದು ಜುಂಜಯ್ಯ ಕೇಳಲಿಲ್ಲ. ಹೊಳಲ್ಕೆರೆಯ ಮೆಕ್ಯಾನಿಕ್ ಅಸದ್‌ನ ಶೆಡ್ಡಿಗೆ ಎಂದು ಅವನಿಗೂ ಗೊತ್ತಿತ್ತು.

ಆ ಜೀಪಿನ ಕೆಲಸ ಸಿಕ್ಕಿಬಿದ್ದ ಗಾಡಿಗಳನ್ನು ಎಳೆಯುವುದು. ಮತ್ತೋಡಿನ ಸುತ್ತ ಮಳೆ ಬಿದ್ದರೆ ಎರೆಮಣ್ಣು ಹಲ್ವದ ಹಾಗಾಗುತ್ತದೆ. ಟಾರು ಬಿಟ್ಟು ಕೆಳಗಿಳಿದ ಕುರಿ ಲಾರಿ, ಮದುವೆ ವ್ಯಾನು, ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ಸಾಮಾನು ಹೊರುವ ಗಾಡಿ, ಯಾವುದೂ ತಾನಾಗಿ ಮೇಲೆ ಬರುವುದಿಲ್ಲ. ಜುಂಜಯ್ಯ ಮೊಣಕಾಲು ನೋವೆಂದು ಸ್ಟೀರಿಂಗ್ ಬಿಟ್ಟ ಮೇಲೆ ಕೆಲಸವನ್ನು ಮಗಳು ಹಿಡಿದಿದ್ದಳು. ಚೆನ್ನಾಗಿಯೇ ನಡೆಸಿದ್ದಳು. ಆದರೆ ಹೋದ ಮಳೆಗಾಲದಲ್ಲಿ ಲಾರಿಯೊಂದನ್ನು ಎಳೆಯಲು ಹೋಗಿ ಜೀಪೇ ಹೂತುಹೋಯಿತು. ಹೊಸದುರ್ಗದ ರಾಜಕುಮಾರ್ ತನ್ನ ದೊಡ್ಡ ಟ್ರ್ಯಾಕ್ಟರ್ ತಂದು, ಜೀಪಿನ ಮೂತಿಗೆ ಚೈನು ಬಿಗಿದು, ಎಲ್ಲರೆದುರು ದನ ಎಳೆದಂತೆ ಎಳೆದ. ಅವನ ಕಡೆಯವನೊಬ್ಬ ವಿಡಿಯೋ ಮಾಡಿದ. ಆ ವಿಡಿಯೋ ಹಿರಿಯೂರಿನ ತನಕ ಹೋಗಿ, ಅಲ್ಲಿಂದ ನೇತ್ರಾವತಿಯ ಫೋನಿಗೇ ತಿರುಗಿ ಬಂತು. ಆಮೇಲೆ ಕರೆಗಳೆಲ್ಲ ರಾಜಕುಮಾರ್‌ಗೆ ಹೋಗತೊಡಗಿದವು. ಜೀಪನ್ನು ತನಗೇ ಕೊಟ್ಟುಬಿಡಿ ಎಂದು ಅವನು ಜುಂಜಯ್ಯನನ್ನು ಸಂತೆಯಲ್ಲಿ ಎರಡು ಸಲ ಕೇಳಿಯೂ ಆಗಿತ್ತು.

ತಪ್ಪು ಇಂಜಿನ್ನಿನದಲ್ಲ ಎಂದು ಅವತ್ತು ಅಸದ್ ಹೇಳಿದ್ದ. "ಹಿಂದಿನ ಆಕ್ಸಲ್ ನಡುವೆ ಈ ಗುಂಡು ಐತಲ್ಲಕ್ಕ, ಡಿಫ್ರೆನ್ಶಿಯಲ್ಲು, ಇದು ಕೆಲ್ಸ ಇಲ್ದೋನಿಗೇ ಊಟ ಬಡಿಸೋ ಮನೆ. ಯಾವ ಚಕ್ರ ಕೆಸರಲ್ಲಿ ಸುಮ್ನೆ ಗಿರಗಿರ ಅಂತದೋ ಅದಕ್ಕೇ ಎಲ್ಲ ಬಲ. ಗಟ್ಟಿ ನೆಲದ ಮ್ಯಾಲೆ ನಿಂತಿರೋ ಚಕ್ರ ಉಪವಾಸ." ಅದನ್ನು ಬಿಚ್ಚಿ, ಲಾಕ್ ಇರುವ ಹೊಸದನ್ನು ಕೂರಿಸಿದ್ದ. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತಿ, ಎರಡು ಚಕ್ರವೂ ಒಂದೇ ಕಬ್ಬಿಣವಾದಂತೆ ಕೂಡಿ ತಿರುಗುತ್ತವೆ. ಕೆಸರಿಗೆ ಮಾತ್ರ ಇದು, ಗಟ್ಟಿ ನೆಲದ ಮೇಲೆ ತಿರುವಿನಲ್ಲಿ ಒತ್ತಲೇಬೇಡಿ ಎಂದು ಹೇಳಿಯೂ ಇದ್ದ. ಹೇಳಿದ್ದು ನೇತ್ರಾವತಿಗೆ. ಗುಂಡಿ ಒತ್ತಿದ್ದು ಜುಂಜಯ್ಯ.

ಹಟ್ಟಿಗೆ ಹೊಸದೇನು ಬಂದರೂ ಮನೆಯ ಹಿರಿಯನೇ ಅದನ್ನು ದೇವರ ಕಟ್ಟೆಗೆ ಮೂರು ಸುತ್ತು ಹಾಕಿಸುವುದು ರೂಢಿ. ಹಾಕಿಸುವುದಷ್ಟೇ ಅಲ್ಲ, ಚಾಲೂ ಮಾಡಿ ತೋರಿಸಬೇಕು. ಯಾರದೋ ಹೊಸ ಮೊಬೈಲು ಕಟ್ಟೆಯ ಮುಂದೆ ಒಂದು ಸಲ ರಿಂಗಾದ ಮೇಲೆಯೇ ಮೊದಲ ಕರೆ ಹೋಗಿತ್ತು. ಹೀಗಿರುವಾಗ ಹೊಸ ಲಾಕನ್ನು ಆರಿಸಿಟ್ಟುಕೊಂಡು ಸುತ್ತು ಹಾಕಿದರೆ ದೇವರಿಗೆ ಏನು ತೋರಿಸಿದಂತಾಯಿತು?

ಶೆಡ್ಡಿನ ಮುಂದೆ ಜೀಪು ಕಿರುಗುಟ್ಟುತ್ತ ನಿಂತಾಗ ಅಸದ್ ಬರೀ ಸದ್ದು ಕೇಳಿಯೇ ತಲೆಗೆ ಕೈ ಹಚ್ಚಿಕೊಂಡ.

"ಚಕ್ರ ತಿರುಗ್ಸೋ ರಾಡ್ ಮುರಿದೈತೆ. ಎಲ್ಲಿ ತಿರುಗಿಸಿದ್ರಿ?"

"ದೇವ್ರ ಕಟ್ಟೆ ಸುತ್ತ," ಎಂದಳು ನೇತ್ರಾವತಿ.

"ಕಲ್ಲುಹಾಸಿನ ಮ್ಯಾಲೆ? ಲಾಕ್ ಹಾಕ್ಕಂಡು? ಯಾರು ಒತ್ತಿದ್ದು?"

ಜುಂಜಯ್ಯ ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ತೀರಾ ಆಸಕ್ತಿಯಿಂದ ನೋಡತೊಡಗಿದ. ನೇತ್ರಾವತಿ, "ಯಾರೋ ಒತ್ತಿದ್ರು ಬಿಡು. ಮದ್ಲು ಬಿಚ್ಚು," ಎಂದಳು.

ಅಸದ್ ಚಕ್ರದ ನಡುವಿನ ಬೋಲ್ಟುಗಳನ್ನು ಬಿಚ್ಚಿ ಮುರಿದ ರಾಡನ್ನು ಎಳೆದ. ಒಳಗುಳಿದ ತುಂಡನ್ನು ತಂತಿಯ ಕುಣಿಕೆ ಹಾಕಿ ಮೀನು ಹಿಡಿದಂತೆ ಹಿಡಿದ. ಮುರಿದ ಬಾಯಿ ಮುರಿದ ಬೆಲ್ಲದಂತಿತ್ತು. ಜುಂಜಯ್ಯ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಮೂವತ್ತು ವರ್ಷ ಹಳೇದು ಓಡಿಸಿದೀನಿ. ಒಂದ್ ದಿನ ಇದು ಮುರಿದಿಲ್ಲ."

"ಅಪ್ಪ, ಒಂದು ಕೇಳ್ತೀನಿ," ಎಂದಳು ನೇತ್ರಾವತಿ. ಅವಳು ಗ್ರೀಸು ಮೆತ್ತಿದ ಡಬ್ಬದ ಮೇಲೆ ಕುಳಿತಿದ್ದಳು. "ಹಿಂಡನ್ನ ಬಲಕ್ಕೆ ತಿರುಗಿಸ್ತೀಯ. ಒಳಗಡೆ ಕುರಿ ಏನ್ ಮಾಡ್ತವೆ?"

"ನಿಂತಂಗೆ ನಡೀತವೆ."

"ಹೊರಗಡೆವು?"

"ಓಡ್ತವೆ. ಅವಕ್ಕೆ ದಾರಿ ಜಾಸ್ತಿ."

"ಒಳಗಡೆದು ಒಂದು, ಹೊರಗಡೆದು ಒಂದು, ಎರಡನ್ನೂ ಒಂದು ಗಳಕ್ಕೆ ಬಿಗಿದು ತಿರುಗಿಸಿದ್ರೆ?"

"ಕುತ್ತಿಗೆ ಮುರೀತೈತೆ," ಎಂದ ಜುಂಜಯ್ಯ. ಹೇಳಿದ ಮೇಲೆ ಕೈಯಲ್ಲಿದ್ದ ರಾಡನ್ನು ಮತ್ತೊಮ್ಮೆ ನೋಡಿದ. ಹೊರಗೆ ಶಿವಮೊಗ್ಗದ ಬಸ್ಸು ಹಾರನ್ ಹೊಡೆಯುತ್ತ ಹೋಯಿತು. "ದೇವ್ರಿಗೆ ತೋರಿಸ್ಬೇಕಲ್ಲ ಅಂತ ಒತ್ತಿದ್ದು," ಎಂದ, ಸ್ಪ್ಯಾನರುಗಳಿಗೆ ಹೇಳುವವನಂತೆ.

"ಅವ್ನು ನೋಡಿರ್ತಾನೆ ಬಿಡ್ರಿ ಯಜಮಾನ್ರೇ," ಎಂದ ಅಸದ್. "ಬ್ಯಾಟ್ರಿ ಇಲ್ದಿದ್ರೂ ಕಾಣ್ತೈತೆ ಅವ್ನಿಗೆ. ಕುಂತ್ಕಳ್ರಿ, ಚಾ ತರಿಸ್ತೀನಿ."

"ಇನ್ನೊಂದು ಹೇಳ್ತೀನಿ ಕೇಳಪ್ಪ," ಎಂದಳು ನೇತ್ರಾವತಿ. "ಹಳೇದು ಇದ್ದಾಗ ಒಂದು ಕಡೆ ರಾಡ್ ಮುರಿದಿದ್ರೆ ಗಾಡಿ ಅಲ್ಲೇ ಕಟ್ಟೆ ಹತ್ರ ನಿಂತಿರ್ತಿತ್ತು. ಈ ಲಾಕ್ ಇದ್ದದ್ದಕ್ಕೇ ಉಳಿದ ಒಂದು ಚಕ್ರ ನಮ್ಮನ್ನ ಹೊಳಲ್ಕೆರೆ ತನಕ ತಂದು ಬಿಟ್ಟಿದ್ದು."

ಜುಂಜಯ್ಯ ಚಹಾ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು ಎದ್ದ. ಸೋತರೂ ಸೋಲಿನ ಮೇಲೆ ತನ್ನದೊಂದು ಮುದ್ರೆ ಒತ್ತದೆ ಬಿಡುವವನಲ್ಲ ಅವನು.

"ಒಂದು ಮಳೆ ನೋಡ್ತೀನಿ. ನಾನೂ ಪಕ್ಕದಾಗೆ ಕುಂತಿರ್ತೀನಿ. ಆ ರಾಜಕುಮಾರನ ಚೈನು ಇನ್ನೊಂದು ಸಲ ನನ್ ಜೀಪಿಗೆ ಬಿತ್ತು ಅಂದ್ರೆ, ಅವತ್ತೇ ಜೀಪು ಅವ್ನಿಗೆ ಕೊಟ್ಟು ಕುರಿ ತರ್ತೀನಿ. ಆಮ್ಯಾಲೆ ಅಳಂಗಿಲ್ಲ."

"ಆಗ್ಲಿ," ಎಂದಳು ನೇತ್ರಾವತಿ. ಅವಳಿಗೆ ಅಳು ಬರುವ ಅಂದಾಜೇ ಇರಲಿಲ್ಲ. "ಅಸದ್, ಈ ಸಲ ದಪ್ಪನೆ ರಾಡ್ ಹಾಕು."

ಆ ಮಳೆ ಬರಲು ತಿಂಗಳು ಹಿಡಿಯಿತು. ಬಂದದ್ದು ಮಾತ್ರ ಹಿಂದಿನ ಬಾಕಿಯನ್ನೆಲ್ಲ ಸೇರಿಸಿಕೊಂಡು ಬಂತು. ಬೆಳಿಗ್ಗೆಯೇ ಪಾಲಣ್ಣನ ಫೋನು. ಅವನ ಕುರಿ ಲಾರಿ ಹಾಲುರಾಮೇಶ್ವರದ ದಾರಿಯಲ್ಲಿ ಟಾರಿನಿಂದ ಜಾರಿ ಹೊಲಕ್ಕೆ ಇಳಿದಿತ್ತು.

"ರಾಜಕುಮಾರಂಗೂ ಮಾಡಿದೀನಿ ಅಕ್ಕ. ಸುಳ್ಳು ಯಾಕೆ ಹೇಳ್ಲಿ. ಯಾರು ಮದ್ಲು ಬರ್ತಾರೋ ಅವ್ರು ಎಳೀರಿ."

ನೇತ್ರಾವತಿ ಮೊದಲು ಬಂದಳು. ಪಾಲಣ್ಣ ಕುರಿಗಳನ್ನೆಲ್ಲ ಇಳಿಸಿದ್ದ. ಅವು ನೆಂದು, ತಲೆಗೆ ತಲೆ ಕೊಟ್ಟು, ರಸ್ತೆ ಬದಿಯಲ್ಲಿ ಒಂದೇ ಮುದ್ದೆಯಾಗಿ ನಿಂತಿದ್ದವು. ಲಾರಿಯ ಮೂತಿ ಹೊಲದ ಕಡೆಗಿತ್ತು. ಹಿಂದಕ್ಕೆ ಎಳೆದರೆ ರಸ್ತೆಯ ಏರಿ ಅಡ್ಡ. ಮುಂದಕ್ಕೆ, ಕೆಸರಿನ ನಡುವೆಯೇ ನೇರ ಹೋಗಿ, ಆಚೆ ಬದಿಯ ಗಟ್ಟಿ ಬಂಡಿದಾರಿ ಮುಟ್ಟಬೇಕು. ಅವಳು ನೆಲ ತುಳಿದು ನೋಡಿದಳು. ಜೀಪನ್ನು ಲಾರಿಯ ಮುಂದೆ ತಂದು ಹಗ್ಗ ಬಿಗಿದಳು. ಹತ್ತಿ ಕುಳಿತಾಗ ಅಪ್ಪ ಕೆಂಪು ಗುಂಡಿಯನ್ನೇ ನೋಡುತ್ತಿದ್ದ.

"ಒತ್ತು," ಎಂದಳು.

"ನಾನಾ?"

"ಈಗ ಒತ್ತಬೋದು. ಕೆಸರು ಐತೆ, ನೆಟ್ಟಗೆ ಹೋಗ್ತೀವಿ."

ಜುಂಜಯ್ಯ ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದ. ದೀಪ ಹತ್ತಿತು. ನೇತ್ರಾವತಿ ಸ್ಟೀರಿಂಗ್ ಅಲುಗಿಸದೆ, ಇಂಜಿನ್ನನ್ನು ಕೂಗಿಸದೆ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಹಗ್ಗ ಬಿಗಿಯಿತು. ಜೀಪು ಹಿಂದಕ್ಕೆ ಕುಸಿದು ಒಂದು ಗಳಿಗೆ ನಿಂತಿತು. ಹೋದ ವರ್ಷ ಕೆಸರು ಚಿಮ್ಮಲು ಶುರುವಾಗಿದ್ದು ಇದೇ ಗಳಿಗೆಯಲ್ಲಿ. ಈ ಸಲ ಚಿಮ್ಮಲಿಲ್ಲ. ಹಿಂದೆ ಲಾರಿ ಮಣ್ಣಿನಿಂದ ಬಾಯಿ ಕಿತ್ತಂತೆ ಚಪ್ಪರಿಸಿ, ಮೊಳದಷ್ಟು ಮುಂದೆ ಬಂತು.

ಜುಂಜಯ್ಯ ಮಳೆಗೆ ತಲೆಯೊಡ್ಡಿ ಹೊರಗೆ ಬಾಗಿದ. ಎಡಗಡೆಯ ಚಕ್ರ ನೋಡಿದ. ಆಮೇಲೆ ಮೊಣಕಾಲು ನೋವು ಮರೆತು, ಸೀಟಿನ ಮೇಲೆ ಹತ್ತಿ, ಮಗಳ ಭುಜ ಹಿಡಿದು, ಅವಳ ಬೆನ್ನ ಹಿಂದಿನಿಂದ ಬಲಗಡೆಗೆ ಇಣುಕಿದ.

"ಎರಡೂ ತಿರುಗ್ತಾ ಅವೆ ಕಣವ್ವ."

"ತಿರುಗ್ಲಿ. ನೀನು ಕುಂತ್ಕ."

"ಒಂದು ಇನ್ನೊಂದನ್ನ ಬಿಟ್ಕೊಡ್ತಿಲ್ಲ!"

ಅರ್ಧ ಹೊಲ ದಾಟಿದ್ದರು. ಮುಂದೆ ನೀರು ನಿಂತ ತಗ್ಗು ಬಂದು ಜೀಪು ನಿಂತಿತು. ಚಕ್ರಗಳು ಮುಕ್ಕಾಲು ಮುಳುಗಿದವು. ನೇತ್ರಾವತಿ ಕ್ಲಚ್ಚು ತುಳಿದು ಕಾದಳು. ಅವಳಿಗೆ ಹೆದರಿಕೆಯಿರಲಿಲ್ಲ, ಕೆಳಗೆ ಗಟ್ಟಿ ನೆಲವಿದೆಯೆಂದು ತುಳಿದು ನೋಡಿದ್ದಳು, ಚಕ್ರ ಅದನ್ನು ಮುಟ್ಟುವ ತನಕ ಇಳಿಯಲಿ ಎಂದು ಬಿಟ್ಟಿದ್ದಳು.

ಅಷ್ಟರಲ್ಲಿ ಆಚೆಯ ಬಂಡಿದಾರಿಯಲ್ಲಿ ಟ್ರ್ಯಾಕ್ಟರಿನ ಸದ್ದು. ರಾಜಕುಮಾರ್ ಬಣ್ಣದ ರೇನ್‌ಕೋಟು ತೊಟ್ಟು ಇಳಿದ. ನಿಂತ ಜೀಪನ್ನು ನೋಡಿದ, ಲಾರಿಯನ್ನು ನೋಡಿದ, ಟ್ರ್ಯಾಕ್ಟರಿನ ಹಿಂದಿನಿಂದ ಚೈನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೆಸರಿಗಿಳಿದು ಬಂದ.

"ಏನಕ್ಕ, ಮತ್ತೆ ಕುಂತ್ಬಿಟ್ಯಾ?" ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟ. ನೇತ್ರಾವತಿ ಅಪ್ಪನ ಕಡೆ ನೋಡಿದಳು. ರಾಜಕುಮಾರನೂ ಅತ್ತ ತಿರುಗಿದ.

"ಯಜಮಾನ್ರೇ, ಕೊಕ್ಕೆ ಹಾಕ್ಬಿಡ್ಲಾ? ಒಂದೇ ಎಳೆತ. ಈ ಸಲ ವಿಡಿಯೋನೂ ಮಾಡಲ್ಲ, ದೇವ್ರಾಣೆ. ಒಂದೇ ಕಡೆಯೋರು ನಾವು, ಇದಕ್ಕೆಲ್ಲ ಏನು ಸಂಕೋಚ?"

ಜುಂಜಯ್ಯ ಕೆಂಪು ದೀಪ ನೋಡಿದ. ಮುಖದ ಮೇಲಿನ ಮಳೆನೀರನ್ನು ಅಂಗೈಯಿಂದ ಒರೆಸಿಕೊಂಡ.

"ಬ್ಯಾಡ," ಎಂದ. "ಎರಡೂ ಚಕ್ರ ಅವೆ, ಅವೇ ಎಳೀತವೆ."